ಅಮ್ಮಿಯ ಬಯಾಜು, ಮಗನ ಆಟ

ಮೂರು ವಾರ ನನ್ನ ಮಗ ನನ್ನೊಡನೆ ಮಾತು ಬಿಟ್ಟಿದ್ದ. ತಪ್ಪು ನನ್ನದೇ. ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ನೀರು ಕುಡಿಯಲೆಂದು ಎದ್ದವನಿಗೆ ನಡುಮನೆಯಲ್ಲಿ ಬೆಳಕು ಕಂಡಿತು. ಡಿಪ್ಲೊಮಾ ಎರಡನೇ ವರ್ಷ ಓದುತ್ತಿರುವ ಹುಡುಗ, ಮಾರನೆಯ ದಿನ ಪರೀಕ್ಷೆ ಬೇರೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಆಟವಾಡುತ್ತಿದ್ದ. ಹಿಂದಿನಿಂದ ಹೋಗಿ ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿದೆ. "ಈ ಮನೆಯಲ್ಲಿ ಇನ್ನು ಮುಂದೆ ಆಟ ನಡೆಯುವುದಿಲ್ಲ" ಎಂದೆ. ಅವನು ಎದುರಾಡಲಿಲ್ಲ. "ಅಬ್ಬಾ, ಅದು ಕತೆ" ಎಂದಷ್ಟೇ ಹೇಳಿ ಎದ್ದು ಹೋದ. ಕತೆ ಬರೆಯುವ ಅಪ್ಪನನ್ನು ಮರುಳು ಮಾಡಲು ಹೇಳಿದ ಮಾತು ಎಂದುಕೊಂಡು ನಾನು ಮಲಗಿದೆ.

ನನ್ನ ಸಿಟ್ಟಿಗೆ ಕಾರಣವಿರಲಿಲ್ಲ ಎಂದಲ್ಲ. ನಾವಿರುವುದು ಮಾದನಾಯಕನಹಳ್ಳಿಯಲ್ಲಿ. ತುಮಕೂರು ರಸ್ತೆಯ ಲಾರಿಗಳ ಸದ್ದಿನಲ್ಲೇ ಮಲಗಿ, ಆ ಸದ್ದಿನಲ್ಲೇ ಏಳುವ ಊರು. ಗೋದಾಮುಗಳು, ಸಣ್ಣ ಕಾರ್ಖಾನೆಗಳು, ಅಲ್ಲಿ ದುಡಿಯುವ ಹುಡುಗರಿಗಾಗಿ ಎದ್ದಿರುವ ಸಾಲು ಸಾಲು ಬಾಡಿಗೆ ಕೋಣೆಗಳು. ನಮ್ಮ ಕೆಳಗಿನ ಕೋಣೆಯಲ್ಲಿ ರಾಯಚೂರು ಕಡೆಯ ಒಬ್ಬ ಹುಡುಗನಿದ್ದ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಎಲೆ ಆಡಿ ಮೂರು ತಿಂಗಳ ಸಂಬಳ ಕಳೆದುಕೊಂಡ. ಕೊನೆಗೆ ಆ ಮೊಬೈಲನ್ನೂ ಮಾರಿ, ಬಾಡಿಗೆ ಬಾಕಿ ಉಳಿಸಿ, ಒಂದು ಬೆಳಗ್ಗೆ ಹೇಳದೆ ಕೇಳದೆ ಊರು ಬಿಟ್ಟ. ಅವನ ಚಾಪೆ ಇನ್ನೂ ನಮ್ಮ ಮೆಟ್ಟಿಲ ಕೆಳಗೆ ಸುತ್ತಿಟ್ಟಿದೆ. ಇನ್ನೊಂದು ಕಡೆ ಬಂದೂಕಿನ ಆಟ. 2020ರ ಸೆಪ್ಟೆಂಬರಿನಲ್ಲಿ ಸರಕಾರ ಪಬ್ಜಿಯನ್ನು ನಿಷೇಧಿಸಿತು. ಮರುವರ್ಷವೇ ಅದು ಬೇರೆ ಹೆಸರಿನಲ್ಲಿ ಬಂತು, ಬೀದಿಯ ಮಕ್ಕಳು ಮತ್ತೆ ಗುಂಡು ಹಾರಿಸತೊಡಗಿದರು. ಆಟ ಎಂದರೆ ಒಂದೋ ಜೂಜು, ಇಲ್ಲವೇ ಕೊಲೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯಿದೆ ತಂದಾಗ ದುಡ್ಡು ಕಟ್ಟಿ ಆಡುವ ಆಟವನ್ನು ಮಾತ್ರ ನಿಷೇಧಿಸಿ, ಉಳಿದವನ್ನು ಬೇರೆಯಾಗಿಯೇ ಇಟ್ಟಿತು. ಕಾನೂನಿಗೆ ತಿಳಿದಿದ್ದ ಈ ವ್ಯತ್ಯಾಸ ಇಪ್ಪತ್ತು ವರ್ಷದಿಂದ ಕತೆ ಬರೆಯುತ್ತಿರುವ ನನಗೆ ತಿಳಿದಿರಲಿಲ್ಲ.

ತಿಳಿಸಿದವಳು ನನ್ನ ಹೆಂಡತಿ. ಹಿಂದೊಮ್ಮೆ ನನ್ನ ಒಂದು ಕತೆ ಪ್ರಕಟವಾದಾಗ ನಮ್ಮವರೇ ಕೆಲವರು ಅದನ್ನು ಓದದೆ ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದರು. ಅದನ್ನೇ ನೆನಪಿಸಿದಳು. "ಓದದೆ ಬೈದರು ಅಂತ ಆವತ್ತು ಎಷ್ಟು ಕೂಗಾಡಿದಿರಿ? ನೀವು ಈಗ ಮಾಡಿದ್ದೇನು? ಅವನು ಏನು ಆಡುತ್ತಿದ್ದ ಅಂತ ಒಮ್ಮೆಯಾದರೂ ನೋಡಿದಿರಾ?" ನನ್ನಲ್ಲಿ ಉತ್ತರವಿರಲಿಲ್ಲ. ಭಾನುವಾರ ಝುಹರ್ ನಮಾಜು ಮುಗಿಸಿ ಬಂದು ಮಗನ ಪಕ್ಕ ಕುಳಿತೆ. "ಆ ಕತೆ ತೋರಿಸು" ಎಂದೆ. ಅವನು ನನ್ನ ಮುಖ ನೋಡಿ, ಏನೂ ಹೇಳದೆ, ಮೌಸನ್ನು ನನ್ನ ಕೈಗೆ ಕೊಟ್ಟ.

ಆ ಆಟದ ಹೆಸರು 'ವೆಣ್ಬಾ'. ಕೆನಡಾದ ಟೊರಾಂಟೋದಲ್ಲಿರುವ ವಿಸೈ ಗೇಮ್ಸ್ ಎಂಬ ಸಣ್ಣ ತಂಡ ಮಾಡಿದ್ದು, 2023ರ ಜುಲೈನಲ್ಲಿ ಬಂದಿದ್ದು. ವೆಣ್ಬಾ ಎಂದರೆ ತಮಿಳಿನ ಹಳೆಯ ಪದ್ಯಪ್ರಕಾರ. ನಮ್ಮಲ್ಲಿ ಮಗಳಿಗೆ ಗಜಲ್ ಎಂದು ಹೆಸರಿಟ್ಟ ಹಾಗೆ. ಕತೆ ಆರಂಭವಾಗುವುದು 1988ರಲ್ಲಿ. ತಮಿಳುನಾಡಿನಿಂದ ಟೊರಾಂಟೋಗೆ ಹೋದ ವೆಣ್ಬಾ, ಅವಳ ಗಂಡ ಪಾವಲನ್, ಆಮೇಲೆ ಹುಟ್ಟುವ ಮಗ ಕವಿನ್. ಅವಳ ಬಳಿ ತಾಯಿ ಕೊಟ್ಟ ಅಡುಗೆ ಪುಸ್ತಕವೊಂದಿದೆ. ಹಾಳೆ ಹರಿದಿವೆ, ಅಕ್ಷರ ಅಳಿಸಿವೆ. ಅಳಿದ ಜಾಗವನ್ನು ಊಹಿಸಿ ಅಡುಗೆ ಮುಗಿಸಬೇಕಾದವರು ನಾವು. ಅಷ್ಟೇ ಆಟ. ಗುಂಡಿಲ್ಲ, ದುಡ್ಡಿಲ್ಲ, ಗೆಲ್ಲಬೇಕಾದ ಶತ್ರುವೂ ಇಲ್ಲ.

ಮೊದಲ ಅಡುಗೆ ಇಡ್ಲಿ. ಹುಟ್ಟಿದಾಗಿನಿಂದ ಇಡ್ಲಿ ತಿನ್ನುತ್ತಿರುವ ನಾನು ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸುತ್ತಾರೆಂದು ಒಮ್ಮೆಯೂ ನೋಡಿರಲಿಲ್ಲ. ಎರಡು ಸಲ ಕೆಡಿಸಿದೆ. ಒಳಗಿನಿಂದ ಹೆಂಡತಿ ನಕ್ಕಳು. ಮಗನೂ ನಕ್ಕ, ಮೂರು ವಾರದ ಮೇಲೆ ನಾನು ಕೇಳಿದ ನಗು. ಆದರೆ ನನ್ನನ್ನು ಹಿಡಿದಿಟ್ಟಿದ್ದು ಇಡ್ಲಿಯಲ್ಲ, ವೆಣ್ಬಾ. ನಾಲ್ಕು ಗೆರೆಯಲ್ಲಿ ಬರೆದ ಮುಖ. ಹುಬ್ಬು ಒಂದು ಚೂರು ಮೇಲೇರಿದರೆ ಕೀಟಲೆ, ರೆಪ್ಪೆ ಅರ್ಧ ಇಳಿದರೆ ಆಯಾಸ. ಮಗ ಶಾಲೆಗೆ ಹೋಗತೊಡಗಿದ ಮೇಲೆ ಅವನಿಗೆ ಮನೆಯ ಊಟದ ಬಗ್ಗೆ ನಾಚಿಕೆ, ಅಮ್ಮನ ಭಾಷೆಯ ಬಗ್ಗೆ ನಾಚಿಕೆ. ಅವಳು ತಮಿಳಿನಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಮುಂದಿನ ಒಂದು ಅಧ್ಯಾಯದಲ್ಲಿ ಮಗ ದೊಡ್ಡವನಾಗಿದ್ದಾನೆ. ಈಗ ಆಡುವ ನಾವು ಅಮ್ಮನಲ್ಲ, ಮಗ. ಅದೇ ಪುಸ್ತಕ ತೆರೆದರೆ ಅವನಿಗೆ ತಮಿಳು ಸರಿಯಾಗಿ ಓದಲು ಬರುವುದಿಲ್ಲ. ಅವನಿಗೆ ತಿಳಿಯದ ಮಾತು ನಮಗೂ ತಿಳಿಯುವುದಿಲ್ಲ. ಮೊದಲು ಹಾಳೆ ಹರಿದು ಮಾತು ಹೋಗಿತ್ತು, ಈಗ ಹಾಳೆ ನೆಟ್ಟಗಿದ್ದರೂ ಮಾತು ಹೋಗಿದೆ.

ಅಲ್ಲಿ ನಾನು ಮೌಸಿನಿಂದ ಕೈ ತೆಗೆದೆ. "ಯಾಕಬ್ಬಾ?" ಎಂದ ಮಗ. "ಏನಿಲ್ಲ" ಎಂದೆ. ಇಬ್ಬರಿಗೂ ಗೊತ್ತಿತ್ತು.

ಹೇಳಬೇಕಾದರೆ 2019ರ ಡಿಸೆಂಬರಿಗೆ ಹೋಗಬೇಕು. ಪೌರತ್ವದ ಕಾಯಿದೆ ಬಂದು, ಮುಂದೆ ನೋಂದಣಿಯೂ ಬರುತ್ತದಂತೆ ಎಂಬ ಭಯದಲ್ಲಿ ನಮ್ಮ ಮನೆಮನೆಗಳಲ್ಲಿ ಟ್ರಂಕುಗಳು ಹೊರಬಂದ ದಿನಗಳವು. ನಾನೂ ಅಮ್ಮಿಯ ಟ್ರಂಕು ತೆಗೆದೆ. ಅಮ್ಮಿ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಒಂದು ಕಾಗದದಲ್ಲಿ ಅವರ ಹೆಸರಿನ ಕೊನೆಗೆ ಬೀ, ಇನ್ನೊಂದರಲ್ಲಿ ಬೇಗಂ, ಮತ್ತೊಂದರಲ್ಲಿ ಬಾನು. ಒಬ್ಬ ತಾಯಿಗೆ ಮೂರು ಹೆಸರು. ಯಾವುದು ನನ್ನ ತಾಯಿ ಎಂದು ಯಾರಿಗೆ ಹೇಗೆ ರುಜುವಾತು ಮಾಡುವುದು? ಆ ಕಾಗದಗಳ ಅಡಿಯಲ್ಲಿ ಅವರ ಬಯಾಜು ಇತ್ತು. ಬಯಾಜು ಎಂದರೆ ಮನಸ್ಸಿಗೆ ಬಂದದ್ದು, ಮರೆಯಬಾರದ್ದು ಬರೆದಿಟ್ಟುಕೊಳ್ಳುವ ಪುಸ್ತಕ. ಅಮ್ಮಿಯದು ಅಡುಗೆಯದು. ಎಣ್ಣೆ ಕಲೆಯ ಉದ್ದಗೆರೆಯ ನೋಟ್‌ಬುಕ್, ಉರ್ದು ಬರಹ. ಆಗ ಹನ್ನೊಂದು ವರ್ಷದ ಮಗ ಪಕ್ಕದಲ್ಲಿ ಕುಳಿತು ಓದಲು ನೋಡಿದ. ಅವನು ಕುರ್‌ಆನ್ ಓದಲು ಕಲಿತವನು, ಅಕ್ಷರ ಗೊತ್ತು. ಆದರೆ ಅಲ್ಲಿ ಝೇರ್, ಝಬರ್, ಪೇಶ್ ಎಲ್ಲ ಇರುತ್ತವೆ. ಉರ್ದುವಿನ ಓರೆ ಬರಹದಲ್ಲಿ, ಅದೂ ಗಡಿಬಿಡಿಯ ಕೈಬರಹದಲ್ಲಿ, ಸ್ವರಗಳೆಲ್ಲ ಓದುವವನ ತಲೆಯೊಳಗಿರಬೇಕು. "ದ... ಲ... ಚ..." ಎಂದು ತಡವರಿಸಿದ. "ಏನು ಬರೆದಿದೆ ಅಬ್ಬಾ?" ನಾನು ಜನನ ಪ್ರಮಾಣಪತ್ರ ಹುಡುಕುವ ಆತುರದಲ್ಲಿದ್ದೆ. "ಅಡುಗೆ ಕಣೋ, ಬಿಡು" ಎಂದು ಕಿತ್ತು ಒಳಗಿಟ್ಟೆ.

ನಾನು ಶಿರಾದಲ್ಲಿ ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಎಂಟರಿಂದ ಕನ್ನಡಕ್ಕೆ ಬಂದವನು. ಎರಡು ಲಿಪಿಗಳ ನಡುವೆ ಓಡಾಡುವುದೇ ನನ್ನ ಬಂಡವಾಳ ಎಂದು ಸಭೆಗಳಲ್ಲಿ ಹೇಳಿಕೊಂಡಿದ್ದೇನೆ. ನನ್ನ ಮಗನಿಗೆ ಆ ಬಂಡವಾಳದಲ್ಲಿ ಒಂದು ಬಿಲ್ಲೆಯನ್ನೂ ಕೊಟ್ಟಿಲ್ಲ ಎಂದು ತೋರಿಸಲು ಟೊರಾಂಟೋದ ತಮಿಳು ತಾಯಿ ಬರಬೇಕಾಯಿತು.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಆಡತೊಡಗಿದೆವು. ಮಗ ಆರಿಸುತ್ತಿದ್ದ, ನಾನು ಆಡುತ್ತಿದ್ದೆ. ಇವನ್ನು 'ಇಂಡಿ' ಆಟಗಳೆನ್ನುತ್ತಾರೆಂದು ಅವನೇ ಹೇಳಿದ. ದೊಡ್ಡ ಕಂಪನಿಯ ಹಂಗಿಲ್ಲದೆ ಒಬ್ಬರೋ ಹತ್ತು ಜನರೋ ಸೇರಿ ಮಾಡುವ ಸ್ವತಂತ್ರ ಆಟಗಳು. 'ಅಂಡರ್‌ಟೇಲ್' ಎಂಬುದನ್ನು ಟೋಬಿ ಫಾಕ್ಸ್ ಎಂಬ ಅಮೆರಿಕದ ಯುವಕ ಹೆಚ್ಚುಕಡಿಮೆ ಒಬ್ಬನೇ ಮಾಡಿದ್ದು, 2015ರಲ್ಲಿ. ಪಾತಾಳಕ್ಕೆ ಬಿದ್ದ ಒಂದು ಮಗುವಿನ ಕತೆ. ಅಲ್ಲಿ ಮೊದಲು ಸಿಗುವವಳು ಟೋರಿಯಲ್, ಮೇಕೆಯ ಮುಖದ ತಾಯಿ. ನಡೆಯಲು ಕಲಿಸುತ್ತಾಳೆ. ಕಡುಬಿಗೆ ದಾಲ್ಚಿನ್ನಿ ಹಾಕಲೋ ಬಟರ್‌ಸ್ಕಾಚ್ ಹಾಕಲೋ ಎಂದು ಕೇಳಲು ಫೋನು ಮಾಡುತ್ತಾಳೆ. ಮಗು ಹೊರಡುತ್ತೇನೆಂದಾಗ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಆಟವೆಂದರೆ ಹೊಡೆಯುವುದೇ ಎಂದು ತಿಳಿದಿದ್ದ ನಾನು ಹೊಡೆದೆ. ಅವಳು ಸತ್ತಳು. ಮಗ ಏನೂ ಹೇಳದೆ ಕುಳಿತಿದ್ದ. "ಬೇರೆ ದಾರಿ ಇತ್ತಾ?" ಎಂದೆ. "ಇತ್ತು. ಹೊಡೆಯದೆ ಕಾಯಬಹುದಿತ್ತು" ಎಂದ. ಹಿಂದಕ್ಕೆ ಹೋಗಿ ಮತ್ತೆ ಆಡಿ ಅವಳನ್ನು ಉಳಿಸಿದೆ. ಆದರೆ ಆಟ ನನ್ನ ಮೊದಲ ಕೈಯನ್ನು ನೆನಪಿಟ್ಟುಕೊಂಡಿತ್ತು; ನೀನು ಏನು ಮಾಡಿದ್ದೆ ಎಂಬುದು ನನಗೆ ಗೊತ್ತು ಎಂದು ಒಂದು ಹೂವಿನ ಬಾಯಲ್ಲಿ ಹೇಳಿಸಿ ಅಣಕಿಸಿತು. ಒಬ್ಬರನ್ನೂ ಕೊಲ್ಲದೆ ಈ ಆಟವನ್ನು ಪೂರ್ತಿ ಮುಗಿಸಬಹುದು. ಬಂದೂಕಿನ ಆಟ ಎಂದು ಲ್ಯಾಪ್‌ಟಾಪ್ ಮುಚ್ಚಿದವನು ನಾನು, ತಾಯಿಯನ್ನು ಕೊಂದವನೂ ನಾನು.

ಲೂಕಸ್ ಪೋಪ್ ಎಂಬಾತ 2013ರಲ್ಲಿ ಮಾಡಿದ 'ಪೇಪರ್ಸ್, ಪ್ಲೀಸ್' ಎಂಬ ಆಟದಲ್ಲಿ ನಾವು ಗಡಿಯ ಗುಮಾಸ್ತ. ಬಂದವರ ಕಾಗದ ನೋಡಿ ಹಸಿರು ಮುದ್ರೆಯನ್ನೋ ಕೆಂಪು ಮುದ್ರೆಯನ್ನೋ ಒತ್ತಬೇಕು. ಮೊದಲೆರಡು ತಪ್ಪಿಗೆ ಎಚ್ಚರಿಕೆ, ಆಮೇಲೆ ದಂಡ. ಸಂಜೆ ಮನೆಗೆ ಹೋದರೆ ಬಾಡಿಗೆ, ಊಟ, ಮಗನ ಔಷಧಿಯ ಲೆಕ್ಕ. ಒಂದು ದಿನ ಒಬ್ಬ ಗಂಡಸು ಬರುತ್ತಾನೆ, ಅವನ ಕಾಗದ ಸರಿಯಿದೆ. ಹಿಂದೆ ನನ್ನ ಹೆಂಡತಿ ಬರುತ್ತಿದ್ದಾಳೆ, ಕರುಣೆಯಿರಲಿ ಎನ್ನುತ್ತಾನೆ. ಅವಳಲ್ಲಿ ಒಂದು ಕಾಗದವಿಲ್ಲ. ಅಮ್ಮಿಯ ಮೂರು ಹೆಸರುಗಳನ್ನು ಹಿಡಿದು ಕೌಂಟರಿನ ಈಚೆ ಕಡೆ ನಿಂತವನು ನಾನು. ಆಚೆ ಕಡೆ ಕುಳಿತವನಿಗೂ ಮನೆಯಲ್ಲಿ ಕಾಯಿಲೆಯ ಮಗುವಿರಬಹುದೆಂದು ಯೋಚಿಸಿರಲಿಲ್ಲ. ಹಾಗೆಂದು ಅವನ ಕೆಂಪು ಮುದ್ರೆಯನ್ನು ನಾನು ಕ್ಷಮಿಸಿದೆ ಎಂದಲ್ಲ. ಆ ಮುದ್ರೆಯ ಭಾರ ಎಷ್ಟೆಂದು ಕೈಗೆ ತಿಳಿಯಿತು. ನಾನು ಅವಳನ್ನು ಒಳಗೆ ಬಿಟ್ಟೆ.

ಮೂರನೆಯದನ್ನು ಮೊಬೈಲಿನಲ್ಲೇ ಆಡಿದೆ. ಫ್ರಾನ್ಸಿನ ಒಂದು ತಂಡ 2017ರಲ್ಲಿ ಮಾಡಿದ ಆಟ. ಸಿರಿಯಾದ ಯುದ್ಧದಿಂದ ತಪ್ಪಿಸಿಕೊಂಡು ಯುರೋಪಿಗೆ ಹೊರಟ ನೂರ್, ಊರಿನಲ್ಲೇ ಉಳಿದ ಅವಳ ಗಂಡ ಮಜ್ದ್. ಇಬ್ಬರ ನಡುವೆ ಇರುವುದು ಮೊಬೈಲ್ ಸಂದೇಶ ಮಾತ್ರ. ನಾವು ಮಜ್ದ್. ದೋಣಿ ಹತ್ತಲೇ, ಬೇಡವೇ ಎಂದು ಅವಳು ಕೇಳುತ್ತಾಳೆ, ನಾವು ಹೇಳಬೇಕು. ಆಮೇಲೆ ಗಂಟೆಗಟ್ಟಲೆ ಸಂದೇಶವಿಲ್ಲ. ನಾನು ಕೆಲಸದ ನಡುವೆ ಐದು ನಿಮಿಷಕ್ಕೊಮ್ಮೆ ಮೊಬೈಲು ತೆಗೆದು ನೋಡುತ್ತಿದ್ದೆ. ಕತೆಗೆ ಹತ್ತೊಂಬತ್ತು ಮುಕ್ತಾಯಗಳಿವೆಯಂತೆ. ನನಗೆ ಸಿಕ್ಕಿದ್ದು ಒಳ್ಳೆಯದಲ್ಲ. ಆಟದ ಹೆಸರು 'ಬರಿ ಮಿ, ಮೈ ಲವ್'. ನನ್ನನ್ನು ಮಣ್ಣು ಮಾಡುವವಳು ನೀನೇ ಆಗು, ನಿನಗಿಂತ ಮೊದಲು ನಾನು ಹೋಗಲಿ ಎಂಬ ಅರ್ಥದ, ಆ ಕಡೆಯ ಅರಬರು ಮುದ್ದಿಗೆ ಆಡುವ ಮಾತು. ನಮ್ಮ ದಖನಿ ತಾಯಂದಿರು "ಮೇರಿ ಉಮರ್ ತುಮೇ ಲಗೇ" ಎಂದು ಹಣೆಗೆ ನೆಟಿಕೆ ಮುರಿಯುವುದಿಲ್ಲವೇ, ಅದೇ. ಅಮ್ಮಿ ಹಾಗೆ ನೆಟಿಕೆ ಮುರಿದಾಗಲೆಲ್ಲ ನಾನು ನಾಚಿ ತಲೆ ತಪ್ಪಿಸಿಕೊಳ್ಳುತ್ತಿದ್ದೆ.

ನನ್ನ ಹೊಟ್ಟೆಪಾಡಿನ ಕೆಲಸ ಪೀಣ್ಯದ ಒಂದು ವರ್ಕ್‌ಶಾಪಿನ ಲೆಕ್ಕಪತ್ರ ನೋಡಿಕೊಳ್ಳುವುದು. ನಮ್ಮಲ್ಲಿ ನಡೆಯುವುದೆಲ್ಲ ಜಾಬ್ ವರ್ಕ್. ಯಾರೋ ಡ್ರಾಯಿಂಗ್ ಕಳಿಸುತ್ತಾರೆ, ನಮ್ಮ ಹುಡುಗರು ಲೇತಿನಲ್ಲಿ ಬುಶ್ಶನ್ನೋ ಪಿನ್ನನ್ನೋ ಕಡೆಯುತ್ತಾರೆ, ನಾನು ಚಲನ್ ಬರೆದು ಕಳಿಸುತ್ತೇನೆ. ಅದು ಯಾವ ಯಂತ್ರದೊಳಗೆ ಹೋಗಿ ಕೂರುತ್ತದೋ ಕಡೆದವನಿಗೆ ಗೊತ್ತಿಲ್ಲ. ಬೆಂಗಳೂರಿನ ಆಟದ ಉದ್ಯಮವೂ ಬಹುಮಟ್ಟಿಗೆ ಹಾಗೆಯೇ ಬೆಳೆದದ್ದು. ಭಾರತದ ಮೊದಲ ಆಟ ತಯಾರಿಕಾ ಕಂಪನಿ ಎನ್ನಲಾಗುವ ಧ್ರುವ ಇಂಟರಾಕ್ಟಿವ್ ಅನ್ನು ರಾಜೇಶ್ ರಾವ್ 1997ರಲ್ಲಿ ಇಲ್ಲೇ ಶುರುಮಾಡಿದರು. 'ಫೋರ್ಝಾ'ದಂಥ ವಿದೇಶಿ ಕಾರು ಪಂದ್ಯದ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಹೆಸರು ಮಾಡಿದ ಕಂಪನಿ. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡಿತು. ಆ ಕೆಲಸದ ಕಸುಬುಗಾರಿಕೆ ಕಡಿಮೆಯದೇನಲ್ಲ. ಆದರೆ ಕತೆ ಬೇರೆಯವರದು.

ತಮ್ಮದೇ ಕತೆ ಹೇಳಲು ಹೊರಟವರೂ ನಮ್ಮ ದೇಶದಲ್ಲಿದ್ದಾರೆ. ಗುಜರಾತಿನ ಚಲಾ ಎಂಬ ಊರಿನ ಸ್ಟುಡಿಯೋ ಓಲಿಯೋಮಿಂಗಸ್ 2018ರಲ್ಲಿ ಮಾಡಿದ 'ಎ ಮ್ಯೂಸಿಯಂ ಆಫ್ ಡ್ಯೂಬಿಯಸ್ ಸ್ಪ್ಲೆಂಡರ್ಸ್' ಎಂಬ ವಿಚಿತ್ರ ವಸ್ತುಸಂಗ್ರಹಾಲಯದಲ್ಲಿ ಅಲೆದಾಡಿದೆ. ಅದರ ಕತೆಗಳೆಲ್ಲ ಮೀರ್ ಉಮರ್ ಹಸನ್ ಎಂಬ ಗುಜರಾತಿ ಕವಿಯದೆಂದು ಅಲ್ಲಿ ಹೇಳುತ್ತಾರೆ. ಈ ಕವಿಯನ್ನು ನಾನೇಕೆ ಓದಿಲ್ಲ ಎಂದು ಪೇಚಾಡಿದೆ. ಮಗ ನಕ್ಕ. ಅಂಥ ಕವಿಯೇ ಇರಲಿಲ್ಲ, ಆಟ ಮಾಡಿದವರೇ ಅವನನ್ನು ಕಲ್ಪಿಸಿದ್ದರು. ನಮ್ಮ ಕಾಲದಲ್ಲಿ ಗುಜರಾತಿನಲ್ಲಿ ಒಬ್ಬ ಮುಸ್ಲಿಂ ಕವಿಯನ್ನು ಇಷ್ಟು ಪ್ರೀತಿಯಿಂದ ಕಲ್ಪಿಸಿಕೊಂಡರಲ್ಲ ಎಂದು ನನಗೆ ಬಹಳ ಹೊತ್ತು ಸಮಾಧಾನವಾಗಿತ್ತು. ಆದರೆ ನಾನು ಆಡಿದ ಯಾವ ಆಟವೂ ಕನ್ನಡದಲ್ಲಿ ಮಾತಾಡಲಿಲ್ಲ.

"ನಾವೇ ಮಾಡೋಣ" ಎಂದ ಮಗ. "ದಾದಿಯ ದಾಲ್ಚಾ."

ಅವನೇ ಬಯಾಜನ್ನು ಟ್ರಂಕಿನಿಂದ ತೆಗೆದ. ನಾನು ಓದಿ ಹೇಳಬೇಕು, ಅವನು ಬರೆದುಕೊಳ್ಳಬೇಕು. ಮೊದಲ ಸಾಲಿನಲ್ಲೇ ಜಗಳ. ಅಮ್ಮಿ ಉಪ್ಪಿಗೆ 'ಹಸ್ಬೆ ಝಾಯಿಕಾ' ಎಂದು ಬರೆದಿದ್ದರು, ರುಚಿಗೆ ತಕ್ಕಷ್ಟು. ನೀರಿಗೆ 'ಅಂದಾಜ್ ಸೇ'. "ಎಷ್ಟು ಚಮಚ ಅಬ್ಬಾ? ಕಂಪ್ಯೂಟರಿಗೆ ಅಂದಾಜು ಗೊತ್ತಾಗಲ್ಲ." ನನಗೂ ಗೊತ್ತಿರಲಿಲ್ಲ. ಅವನು ಮೊದಲು ಹಿಡಿದ ತಂತ್ರಾಂಶದಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾದವು. ಕೊನೆಗೆ 'ಟ್ವೈನ್' ಎಂಬುದಕ್ಕೆ ಬಂದ. ಕ್ರಿಸ್ ಕ್ಲಿಮಸ್ ಎಂಬುವರು 2009ರಲ್ಲಿ ಮಾಡಿ ಜನಕ್ಕೆ ಉಚಿತವಾಗಿ ಬಿಟ್ಟದ್ದು. ಒಂದೊಂದು ಸನ್ನಿವೇಶವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಯಾವ ಚೀಟಿಯಿಂದ ಯಾವ ಚೀಟಿಗೆ ಹೋಗಬಹುದೆಂದು ದಾರ ಕಟ್ಟಿದರೆ ಆಯಿತು. ಬ್ರೌಸರಿನಲ್ಲಿ ತೆರೆದುಕೊಳ್ಳುವುದರಿಂದ ಕನ್ನಡ ಸರಿಯಾಗಿ ಮೂಡಿತು. ಉರ್ದುವನ್ನು ಅಚ್ಚು ಮಾಡುವುದು ಬೇಡ, ದಾದಿಯ ಕೈಬರಹದ ಫೋಟೋವನ್ನೇ ಹಾಕೋಣ ಎಂದ. ಮುಟ್ಟಿದರೆ ಪಕ್ಕದಲ್ಲಿ ಕನ್ನಡ ಬರಬೇಕು.

ಹುಣಸೆಯ ಹತ್ತಿರ ನಾವು ಸಿಕ್ಕಿಬಿದ್ದೆವು. ದಾಲ್ಚಾಕ್ಕೆ ಬೇಳೆ ನುಣ್ಣಗೆ ಬೆಂದು, ಮೂಳೆಯ ಮಾಂಸ ಬೆಂದು, ಸೋರೆಕಾಯಿ ಮೆತ್ತಗಾದ ಮೇಲೆಯೇ ಹುಣಸೆ ರಸ ಹಾಕಬೇಕು. ಹುಳಿ ಮೊದಲು ಬಿದ್ದರೆ ಬೇಳೆಯೂ ಸರಿಯಾಗಿ ಬೇಯದು, ಸೋರೆಕಾಯಿಯೂ ಬೇಯದು. "ಆಡುವವರು ಮೊದಲೇ ಹುಣಸೆ ಹಾಕಿಬಿಟ್ಟರೆ ದಾದಿ ಏನು ಹೇಳುತ್ತಾರೆ?" ಎಂದು ಮಗ ಕೇಳಿದ. ನಾನು ತಡಮಾಡದೆ ಬರೆದುಕೊಟ್ಟೆ: "ಪರವಾಗಿಲ್ಲ ಬೇಟಾ, ಸಬರ್ ಇರಲಿ, ಅಲ್ಲಾಹ್ ಎಲ್ಲ ಸರಿಮಾಡುತ್ತಾನೆ." ಅವನು ಓದಿ ಸುಮ್ಮನಾದ. ಆಮೇಲೆ, "ಎರಡನೇ ಸಲವೂ ಹಾಗೇ ಮಾಡಿದರೆ?" ಎಂದ. "ಉಪ್ಪು ಎರಡು ಸಲ ಹಾಕಿದರೆ? ಅಡುಗೆ ಬಿಟ್ಟು ಕಿಟಕಿ ಹೊರಗೆ ನೋಡುತ್ತ ನಿಂತರೆ? ದಾದಿಯನ್ನೇ ಏನಾದರೂ ಕೇಳಿದರೆ?" ನಾನು ಪೆನ್ನು ಹಿಡಿದು ಕುಳಿತೆ. ಒಂದು ಸಾಲೂ ಬರಲಿಲ್ಲ. "ಅಬ್ಬಾ, ನಿಮ್ಮ ಕತೆಗಳಲ್ಲಿ ದಾದಿ ಒಂದು ಸಲವೂ ತಮಾಷೆ ಮಾಡುವುದಿಲ್ಲವಲ್ಲ" ಎಂದ ಮಗ. ಅವನು ನನ್ನ ಕತೆಗಳನ್ನು ಓದಿದ್ದಾನೆಂದು ನನಗೆ ಆಗಲೇ ಗೊತ್ತಾಗಿದ್ದು.

ಕತೆ ಬರೆಯುವವನಿಗೆ ಒಂದು ಸೌಕರ್ಯವಿದೆ. ಪಾತ್ರವನ್ನು ತನಗೆ ಬೇಕಾದ ಕಡೆಯಿಂದ ನಿಲ್ಲಿಸಿ, ಬೇಕಾದ ಬೆಳಕು ಬಿಟ್ಟು, ಬೇಕಾದ ಮಾತಾಡಿಸಿ ಕರೆದೊಯ್ಯಬಹುದು. ಓದುಗ ಎದ್ದು ಅವಳ ಬೆನ್ನ ಹಿಂದೆ ಹೋಗಿ ನೋಡುವುದಿಲ್ಲ. ಆಟದಲ್ಲಿ ಹೋಗುತ್ತಾನೆ. ಕರಾವಳಿಯ ಓದುಗರಿಗೆ ತಾಳಮದ್ದಳೆಯ ನೆನಪು ಬರಬಹುದು. ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಎಸೆದರೂ ಪಾತ್ರವಾಗಿಯೇ ಉತ್ತರ ಕೊಡಬೇಕಾದರೆ ಆ ಪಾತ್ರ ಒಳಗೆ ಎಲ್ಲ ದಿಕ್ಕಿನಿಂದಲೂ ತುಂಬಿರಬೇಕು. ನಾನು ಹತ್ತಾರು ಕತೆಗಳಲ್ಲಿ ಅಮ್ಮಿಯನ್ನು ಬರೆದಿದ್ದೇನೆ. ಸಹನೆಯ ಮೂರ್ತಿ, ಒದ್ದೆ ಕಣ್ಣು, ತಸ್ಬೀಹ್ ಹಿಡಿದ ಕೈ. ಓದಿ ಕಣ್ಣೀರಿಟ್ಟೆವು ಎಂದು ಪತ್ರ ಬರೆದವರಿದ್ದಾರೆ. ಅದೇ ಅಮ್ಮಿ ಅಡುಗೆಮನೆಯಲ್ಲಿ ಹುಣಸೆಹಣ್ಣಿನ ಮುಂದೆ ಏನು ಹೇಳುತ್ತಿದ್ದರೆಂದು ಕೇಳಿದರೆ ಮಗನಾದ ನನಗೆ ತಿಳಿಯದು. ನಾನು ಅವರನ್ನು ಒಂದೇ ಕಡೆಯಿಂದ ನೋಡಿದ್ದೆ. ಊಟಕ್ಕೆ ಕುಳಿತವನು ಬಡಿಸುವವಳನ್ನು ನೋಡುವ ಕಡೆಯಿಂದ.

ಆಪಾಗೆ ಫೋನು ಮಾಡಿದೆ. ನನಗಿಂತ ಆರು ವರ್ಷ ದೊಡ್ಡವಳು, ಶಿರಾದಲ್ಲೇ ಇದ್ದಾಳೆ, ಬಟ್ಟೆ ಹೊಲಿಯುತ್ತಾಳೆ. ನಾನು ಬರೆದ ಸಾಲನ್ನು ಓದಿ ಹೇಳಿದೆ. ಆ ಕಡೆಯಿಂದ ನಗು ನಿಲ್ಲಲೇ ಇಲ್ಲ. "ಇದು ಯಾರೋ ಮೌಲಾನಾ ಹೇಳಿದ ಹಾಗಿದೆ, ಅಮ್ಮಿ ಎಲ್ಲಿ? ಅಮ್ಮಿ ಸೌಟು ಎತ್ತಿಕೊಂಡು, 'ತೇರೇ ಸಸುರಾಲ್ ಮೇಂ ಐಸಾಚ್ ಪಕಾತೇ ಕ್ಯಾ?' ಅನ್ನುತ್ತಿದ್ದರು. ನಿನ್ನ ಅತ್ತೆ ಮನೆಯಲ್ಲಿ ಹೀಗೇ ಬೇಯಿಸುತ್ತಾರಾ ಅಂತ. ಹತ್ತು ವರ್ಷದ ನನಗೂ ಅದೇ, ಎಪ್ಪತ್ತು ವರ್ಷದ ಅಜ್ಜಿಗೂ ಅದೇ." ಅಮ್ಮಿ ರೇಡಿಯೋದಲ್ಲಿ ಹಾಡು ಬಂದರೆ ತಾಳಕ್ಕೆ ಸರಿಯಾಗಿ ಈರುಳ್ಳಿ ಹೆಚ್ಚುತ್ತಿದ್ದುದು, ಅಬ್ಬಾ ಮನೆಗೆ ಬರುವ ಸದ್ದಾದರೆ ಹಾಡು ನಿಲ್ಲಿಸಿ ಹೆಚ್ಚುವುದನ್ನು ಮಾತ್ರ ಮುಂದುವರಿಸುತ್ತಿದ್ದುದು, ಎಲ್ಲವನ್ನೂ ಹೇಳಿದಳು. ನಾನು ಬರೆದುಕೊಳ್ಳುತ್ತ ಹೋದೆ. ಕೊನೆಯಲ್ಲಿ, "ಒಲೆ ಹಚ್ಚದ ದಿನಗಳನ್ನೂ ಹಾಕುತ್ತೀರಾ?" ಎಂದಳು.

"ಯಾವ ದಿನ?"

"ನಿನಗೆ ನೆನಪಿಲ್ಲವಾ? ನೀನು ಬನ್ನು ತಿಂದುಕೊಂಡು ಕುಣಿಯುತ್ತಿದ್ದೆಯಲ್ಲ."

ಬನ್ನು ನೆನಪಿದೆ. ನನಗೆ ಆಗ ಏಳು ವರ್ಷ. ಅಬ್ಬಾ ಮೂರು ಹೊತ್ತೂ ಬೇಕರಿಯಿಂದ ಬನ್ನು ತರುತ್ತಿದ್ದರು, ಚಹಾದಲ್ಲಿ ಅದ್ದಿ ತಿನ್ನುವುದು. ನನ್ನ ಬಾಲ್ಯದ ಅತಿ ಸಂತೋಷದ ದಿನಗಳೆಂದು ಒಂದು ಲೇಖನದಲ್ಲಿ ಬರೆದೂ ಇದ್ದೇನೆ. ಬನ್ನು ಏಕೆ ಬಂತೆಂದು ಕೇಳಿರಲಿಲ್ಲ. ಆಪಾ ಏಳನೆಯ ತರಗತಿ ಮುಗಿಸಿದ್ದಳು. ಇನ್ನು ಸಾಕು, ಮನೆಯಲ್ಲಿರಲಿ ಎಂದು ಅಬ್ಬಾ ಹೇಳಿದರು. ಓದಲಿ ಎಂದರು ಅಮ್ಮಿ. ಅಬ್ಬಾ ಒಪ್ಪಲಿಲ್ಲ. ಮಾರನೆಯ ದಿನದಿಂದ ಅಮ್ಮಿ ಒಲೆ ಹಚ್ಚಲಿಲ್ಲ. ಕೂಗಾಡಲಿಲ್ಲ, ಅಳಲಿಲ್ಲ. ಪಾತ್ರೆಗಳನ್ನು ತೊಳೆದು ಬೋರಲು ಹಾಕಿ, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತರು. ಕೊನೆಗೆ ಸೋತರು. ಆಪಾ ಶಾಲೆಗೆ ಹೋಗಲಿಲ್ಲ. ಮುಂದಿನ ವರ್ಷ ನಾನು ಮೂರನೆಯ ತರಗತಿಗೆ ಹೋದೆ, ಆಮೇಲೆ ಪ್ರೌಢಶಾಲೆಗೆ, ಕಾಲೇಜಿಗೆ. ಎರಡು ಭಾಷೆ ಕಲಿತು ಸಹನಾಮೂರ್ತಿ ತಾಯಂದಿರ ಬಗ್ಗೆ ಕತೆ ಬರೆದೆ.

"ನೀವು ಇದನ್ನು ನನಗೆ ಯಾಕೆ ಹೇಳಲಿಲ್ಲ ಆಪಾ?" ಎಂದೆ.

"ನೀನು ಕೇಳಿದ್ದೆಯಾ?" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ.

ಮಗ ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎರಡು ವಾರ ಬಿಟ್ಟು ಆಟದ ಹೊಸ ಭಾಗ ತೋರಿಸಿದ. ದಾಲ್ಚಾ ಆಗಿ, ಎಲ್ಲರೂ ಉಂಡ ಮೇ��ೆ ಮುಂದಿನ ಚೀಟಿ ತೆರೆಯುತ್ತದೆ. ಅದೇ ಅಡುಗೆಮನೆ. ಬೋರಲು ಹಾಕಿದ ಪಾತ್ರೆಗಳು. 'ಒಲೆ ಹಚ್ಚು' ಎಂಬ ಮಾತಿದೆ. ಮುಟ್ಟಿದರೆ ಏನೂ ಆಗುವುದಿಲ್ಲ. ಮತ್ತೆ ಮುಟ್ಟಿದರೂ ಆಗುವುದಿಲ್ಲ. 'ಅಮ್ಮಿಯ ಪಕ್ಕ ಕುಳಿತುಕೋ' ಎಂಬ ಇನ್ನೊಂದು ಮಾತು ಕೆಳಗೆ ಸಣ್ಣದಾಗಿದೆ. ಅದನ್ನು ಮುಟ್ಟಿದರೆ ದಿನ ಮುಂದೆ ಹೋಗುತ್ತದೆ. ಹಾಗೆ ಮೂರು ದಿನ. ಅಮ್ಮಿಯ ಬಾಯಲ್ಲಿ ಒಂದು ಮಾತೂ ಇಲ್ಲ. ಅಲ್ಲಿ ನನ್ನಿಂದ ಸಾಲು ಬರೆಸಬೇಕೆಂದು ಅವನಿಗೆ ಅನ್ನಿಸಿರಲಿಲ್ಲ. ಅದು ಸರಿಯಾಗಿತ್ತು.

ಈಗ ಅವನು ನನ್ನ ಬಳಿ ಉರ್ದು ಕಲಿಯುತ್ತಿದ್ದಾನೆ. ಹೆಚ್ಚೇನಿಲ್ಲ, ದಿನಕ್ಕೆ ಬಯಾಜಿನ ನಾಲ್ಕು ಸಾಲು. 'ಹಸ್ಬೆ ಝಾಯಿಕಾ'ವನ್ನು ಕಣ್ಣುಮುಚ್ಚಿ ಓದುತ್ತಾನೆ. ಪ್ರತಿ ಪುಟದಲ್ಲೂ ಬರುತ್ತದೆ, ಓದದೆ ಏನು ಮಾಡಿಯಾನು? ನಮ್ಮ ಆಟ ದೊಡ್ಡದೇನೂ ಅಲ್ಲ, ಇಪ್ಪತ್ತು ನಿಮಿಷದ್ದು. 'ವೆಣ್ಬಾ' 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯಿಂದ ಅತ್ಯುತ್ತಮ ಚೊಚ್ಚಲ ಆಟದ ಪ್ರಶಸ್ತಿ ಪಡೆಯಿತು. ನಮ್ಮದನ್ನು ಈವರೆಗೆ ಆಡಿದವರು ಹನ್ನೊಂದು ಜನ, ಎಲ್ಲರೂ ನೆಂಟರು.

ಹನ್ನೊಂದನೆಯವಳು ಆಪಾ. ಕಳೆದ ಬಕ್ರೀದಿಗೆ ಬಂದಾಗ ಮಗ ಅವಳ ಕೈಗೆ ಮೊಬೈಲು ಕೊಟ್ಟ. ಕನ್ನಡಕ ಹಾಕಿಕೊಂಡು, ಹೊಲಿಗೆ ಯಂತ್ರದ ಮುಂದೆ ಕೂರುವ ಹಾಗೆ ಬೆನ್ನು ಬಾಗಿಸಿ ಕುಳಿತಳು. ಬೇಕೆಂದೇ ಹುಣಸೆಯನ್ನು ಮೊದಲು ಹಾಕಿ, ಅಮ್ಮಿಯ ಬೈಗುಳ ಬಂದಾಗ ನಕ್ಕಳು. ಕೊನೆಯ ಭಾಗ ಬಂತು. ಒಲೆಯನ್ನು ಒಮ್ಮೆ ಮುಟ್ಟಿದಳು. ಹೊತ್ತಲಿಲ್ಲ. ಮತ್ತೆ ಮುಟ್ಟಲಿಲ್ಲ, ಅಮ್ಮಿಯ ಪಕ್ಕ ಕುಳಿತಳು. ಒಂದು ದಿನ, ಎರಡು ದಿನ, ಮೂರು ದಿನ. ಆಟ ಮುಗಿಯಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಮಗನ ಕಡೆ ತಿರುಗಿದಳು.

"ಮೂರಲ್ಲ ಬೇಟಾ, ನಾಲ್ಕು ದಿನ. ನಾಲ್ಕನೇ ದಿನ ಸಂಜೆ ನಾನೇ ಹೋಗಿ ಒಲೆ ಹಚ್ಚಿದೆ. ಅಮ್ಮಿ ಹಚ್ಚಲಿಲ್ಲ."

ಮಗ ಅಲ್ಲೇ ಕುಳಿತು ಅದನ್ನು ತಿದ್ದಿದ.